ಪೋಸಿಕ್ಸ್ ಎಐಒ ಅಥವಾ ಐಒ ಯೂರಿಂಗ್: ಸಿ ಪ್ರೋಗ್ರಾಂಗೆ ಯಾವುದು?

ಲಿನಕ್ಸ್‌ನಲ್ಲಿ ಅಸಿಂಕ್ರೋನಸ್ ಆಗಿ (ಅಂದ್ರೆ ಓದು ಮುಗಿಯುವವರೆಗೆ ಕಾಯದೆ) ಫೈಲ್ ಓದುವ ಚಿಕ್ಕ ಸಿ ಪ್ರೋಗ್ರಾಂ ಬಿಲ್ಡ್ ಮಾಡಬೇಕಾ? ಕಲಿಯೋಕೆ ಅಷ್ಟೇ ಅಂದ್ರೆ ಪೋಸಿಕ್ಸ್ ಎಐಒ (ಯುನಿಕ್ಸ್ ಮಾದರಿಯ ಸಿಸ್ಟಂಗಳ ಸ್ಟ್ಯಾಂಡರ್ಡ್ ಅಸಿಂಕ್ರೋನಸ್ ಐಒ) ಸಾಕು.

ಇದಕ್ಕೆ ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಜಿಲಿಬ್‌ಸಿ (ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿ) 2.34ಕ್ಕಿಂತ ಹಳೆಯದಾದರೆ ಮಾತ್ರ ಆರ್‌ಟಿ ಲೈಬ್ರರಿಯನ್ನು ಲಿಂಕ್ ಮಾಡಬೇಕು. ಆ ಫ್ಲ್ಯಾಗ್ ಜಿಸಿಸಿ ಕಮಾಂಡ್‌ನಲ್ಲಿ ಸೋರ್ಸ್ ಫೈಲ್‌ನ ನಂತರ ಬರಲಿ. ಮೊದಲೇ ಹಾಕಿದರೆ ಎಷ್ಟೋ ಸಲ 'ಅನ್‌ಡಿಫೈನ್ಡ್ ರೆಫರೆನ್ಸ್' ಅಂತ ಲಿಂಕರ್ ಗೊಣಗುತ್ತದೆ. ಕಂಟ್ರೋಲ್ ಬ್ಲಾಕನ್ನು (ರಿಕ್ವೆಸ್ಟ್‌ನ ವಿವರ ಇಡುವ ಸ್ಟ್ರಕ್ಟ್) ಮೊದಲು ಮೆಮ್‌ಸೆಟ್‌ನಿಂದ ಸೊನ್ನೆ ಮಾಡಿ. ಆಮೇಲೆ ಫೈಲ್ ಡಿಸ್ಕ್ರಿಪ್ಟರ್, ಬಫರ್, ಸೈಜ್, ಆಫ್‌ಸೆಟ್ ತುಂಬಿ. ಓದು ಮುಗಿಯುವವರೆಗೆ ಬಫರ್ ಮುಟ್ಟಬೇಡಿ. ಫಂಕ್ಷನ್‌ನ ಲೋಕಲ್ ಬಫರ್ ಕೊಟ್ಟು ಫಂಕ್ಷನ್‌ನಿಂದ ಹೊರಬಂದರೆ ಗತಿ ಕೆಟ್ಟಿತು ಅಂತಲೇ ಲೆಕ್ಕ!

ಆದ್ರೆ ಜಿಲಿಬ್‌ಸಿ ಒಳಗೆ ಮಾಡೋದು ಥ್ರೆಡ್‌ಗಳ ಆಟ. ಕೆಲಸ ಒಂದು ಥ್ರೆಡ್‌ಗೆ ಹೋಗುತ್ತದೆ, ಅದು ಮಾಮೂಲಿ ರೀಡ್ ಮಾಡುತ್ತದೆ. ಸಾವಿರಾರು ರಿಕ್ವೆಸ್ಟ್ ಬಂದರೆ ಏದುಸಿರು ಬಿಡುತ್ತದೆ, ಅಲ್ವಾ?

ಐಒ ಯೂರಿಂಗ್ ಲಿನಕ್ಸ್ ಕರ್ನಲ್‌ನದೇ ಅಸಿಂಕ್ರೋನಸ್ ಐಒ ವ್ಯವಸ್ಥೆ, 2019ರಲ್ಲಿ ಕರ್ನಲ್ 5.1ರ ಜೊತೆ ಬಂತು. ಕಳಿಸೋಕೆ ಒಂದು ಕ್ಯೂ, ಉತ್ತರ ಪಡೆಯೋಕೆ ಇನ್ನೊಂದು. ಎರಡನ್ನೂ ಕರ್ನಲ್ ಮತ್ತು ಪ್ರೋಗ್ರಾಂ ಹಂಚಿಕೊಳ್ಳುತ್ತವೆ. ಹಾಗಾಗಿ ಒಂದೇ ಸಿಸ್ಟಂ ಕಾಲ್‌ನಲ್ಲಿ ಬಹಳ ರಿಕ್ವೆಸ್ಟ್ ಕಳಿಸಬಹುದು. ಇದನ್ನು ಸುಲಭವಾಗಿ ಬಳಸೋಕೆ ಇರುವ ಲೈಬ್ರರಿ ಲಿಬ್‌ಯೂರಿಂಗ್‌ನ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಳ್ಳಿ, ಸುಮ್ನೆ ನೇರ ಸಿಸ್ಟಂ ಕಾಲ್ ಜೊತೆ ಗುದ್ದಾಡಬೇಡಿ. ಸರಳ ರೀಡ್ ಆಪರೇಷನ್‌ಗೆ ಕರ್ನಲ್ 5.6 ಬೇಕು. ರೀಡ್‌ನಲ್ಲಿ ತಪ್ಪಾದರೆ ಎರ್ರ್‌ನೋ (ಸಿಯಲ್ಲಿ ಎರರ್ ಸಂಖ್ಯೆ ಇಡುವ ವೇರಿಯಬಲ್) ನೋಡಬೇಡಿ, ಉತ್ತರದಲ್ಲೇ ಮೈನಸ್ ಸಂಖ್ಯೆ ಬರುತ್ತದೆ.

ಹೊಸ ಸರ್ವರ್‌ಗೆ ನನ್ನ ಆಯ್ಕೆ ಐಒ ಯೂರಿಂಗ್. ಕೆಲವು ಕಂಟೇನರ್‌ಗಳಲ್ಲಿ ಇದನ್ನು ಬ್ಲಾಕ್ ಮಾಡಿರುತ್ತಾರೆ, ಮೊದಲೇ ಚೆಕ್ ಮಾಡಿ. ಐಒ ಯೂರಿಂಗ್ ಲಿನಕ್ಸ್‌ಗೆ ಮಾತ್ರ, ಹಾಗಾಗಿ ಫ್ರೀಬಿಎಸ್‌ಡಿಯಂಥ ಬೇರೆ ಸಿಸ್ಟಂನಲ್ಲೂ ಓಡಬೇಕಾದರೆ ಎಐಒ ಬಿಟ್ಟು ಹೋಗಬೇಡಿ.