ಪಿಜ್ಜಾ ಸಾಸಿಗೆ ಯಾವ ಟೊಮೆಟೊ ಬೆಳೆಯೋಣ, ಸ್ಯಾನ್ ಮಾರ್ಜಾನೋನಾ, ರೋಮಾನಾ?

ರುಚಿಯೊಂದೇ ಲೆಕ್ಕವಾದರೆ ಸ್ಯಾನ್ ಮಾರ್ಜಾನೋ. ಇಟಲಿಯ ವೆಸುವಿಯಸ್ ಜ್ವಾಲಾಮುಖಿಯ ಬುಡದ ಹಳೇ ತಳಿ. ಉದ್ದನೆ ಹಣ್ಣು ಸೀಳಿದರೆ ತಿರುಳೇ ಜಾಸ್ತಿ, ಬೀಜ ಕಡಿಮೆ. ಸಾಸು ಬೇಗ ಗಟ್ಟಿಯಾಗುತ್ತದೆ. ಆದರೆ ಗಿಡ ಆಳೆತ್ತರ ಹೋಗುತ್ತದೆ, ಗೂಟ ಬೇಕೇ ಬೇಕು. ನೀರು ಹೆಚ್ಚುಕಡಿಮೆಯಾದರೆ ಹಣ್ಣಿನ ತುದಿ ಕಪ್ಪಾಗುತ್ತದೆ.

ರೋಮಾ 1950ರ ದಶಕದ ಅಮೆರಿಕದ ತಳಿ. ಗಿಡ ಗಿಡ್ಡ, ಹಣ್ಣು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ. ರುಚಿ ನನಗೆ ಸ್ವಲ್ಪ ಸಪ್ಪೆ.

ಎರಡರ ಬೀಜವನ್ನೂ ಮುಂದಿನ ಬಿತ್ತನೆಗೆ ಎತ್ತಿಡಬಹುದು. ಪೊಟ್ಟಣದ ಮೇಲೆ ಎಫ್1 (ಹೈಬ್ರಿಡ್) ಅಂತಿದ್ದರೆ ಮಾತ್ರ ಕೊಳ್ಳಬೇಡಿ, ಅದರ ಬೀಜ ಎತ್ತಿಟ್ಟರೆ ಅದೇ ಥರದ ಗಿಡ ಬರುವುದಿಲ್ಲ.

ಕಾರವಾರ, ಶಿರಸಿ ಕಡೆ ಮಳೆ ಮುಗಿದ ಮೇಲೆಯೇ ನೆಡಿ. ಹಸಿರು ಗಿಡ ಏಕಾಏಕಿ ಬಾಡಿತಾ? ಕಾಂಡ ಕತ್ತರಿಸಿ ಲೋಟದ ನೀರಿಗೆ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ದುಂಡಾಣು ಸೊರಗು ರೋಗ. ಆ ಮಣ್ಣಿಗೆ ಎರಡೂ ಬೇಡ. ಬೇರೆ ಮಣ್ಣು ತುಂಬಿದ ಗ್ರೋಬ್ಯಾಗಿನಲ್ಲಿ ರೋಮಾ ಇಡುವುದೇ ವಾಸಿ.