ಕೈಪಿಡಿ, ನಾಟಕ, ಚಿತ್ರಕಥೆ: ಒಂದೇ ಕಥೆಯನ್ನು ಮೂರು ಸಲ ಬರೆದು ನೋಡಿದೆ

ನನ್ನ ಹತ್ತಿರ ಇದ್ದದ್ದು ಒಂದು ಚಿಕ್ಕ ಕಥೆ. ತಿಪಟೂರಿನ ಕಡೆ ಒಂದು ತೋಟ, 41 ತೆಂಗಿನ ಮರ, ಇಬ್ಬರು ಅಣ್ಣತಮ್ಮಂದಿರು. ಅಪ್ಪ ತೀರಿಕೊಂಡ ಮೇಲೆ ಪಾಲಾಗಬೇಕು. ತಲೆಗೆ 20 ಮರ. ಉಳಿದ ಒಂದು ಮರ ಯಾರಿಗೆ? ಅದು ಬಚ್ಚಲ ಹಿಂದೆ ಇರುವ ಮರ, ಅವ್ವ ದಿನಾ ಮುಸುರೆ ನೀರು ಸುರಿದು ಬೆಳೆಸಿದ್ದು. ಇದನ್ನು 12 ನಿಮಿಷದ ಕಿರುಚಿತ್ರ ಮಾಡಬೇಕು ಅಂತ ಆಸೆ. ಬರೆಯೋದು ಹೇಗೆ ಅಂತ ಗೊತ್ತಿರಲಿಲ್ಲ.

ಕೇಳಿದವರು ಒಬ್ಬೊಬ್ಬರು ಒಂದೊಂದು ದಾರಿ ಹೇಳಿದರು. ಒಬ್ಬರು ಸ್ಕ್ರಿಪ್ಟ್ ಬರೆಯೋದನ್ನು ಕಲಿಸುವ ಕೈಪಿಡಿ ಓದು ಅಂದರು. ಇನ್ನೊಬ್ಬರು ಒಳ್ಳೆಯ ನಾಟಕ ಓದು ಅಂದರು. ಮತ್ತೊಬ್ಬರು ಅಚ್ಚಾದ ಚಿತ್ರಕಥೆಯನ್ನೇ ಓದು, ಬೇರೆ ಏನೂ ಬೇಡ ಅಂದರು. ಯಾವುದು ಸರಿ ಅಂತ ತಿಳಿಯಲು ಮೂರನ್ನೂ ಓದಿದೆ. ಒಂದೊಂದು ಓದಿ ಮುಗಿಸಿದಾಗಲೂ ಅದೇ 41 ಮರದ ಕಥೆಯನ್ನು ಮೊದಲಿಂದ ಬರೆದೆ.

ಮೊದಲು ಕೈಗೆತ್ತಿಕೊಂಡದ್ದು ಸಿಡ್ ಫೀಲ್ಡ್ ಅವರ ‘ಸ್ಕ್ರೀನ್‌ಪ್ಲೇ’. 1979ರಲ್ಲಿ ಬಂದ ಪುಸ್ತಕ. ಅದರ ಲೆಕ್ಕ ಸರಳ. ಒಂದು ಪುಟಕ್ಕೆ ಒಂದು ನಿಮಿಷ. 120 ಪುಟದಲ್ಲಿ ಮೊದಲ ಅಂಕ 30, ನಡುವಿನದು 60, ಕೊನೆಯದು 30. ಮೊದಲ ಅಂಕ ಮುಗಿಯುವ ಹೊತ್ತಿಗೆ ಕಥೆ ಬೇರೆ ದಿಕ್ಕಿಗೆ ಹೊರಳಬೇಕು, ಎರಡನೆಯದು ಮುಗಿಯುವಾಗ ಇನ್ನೊಮ್ಮೆ. ಮೊದಲ 10 ಪುಟದಲ್ಲಿ ಓದುಗ ಸಿಕ್ಕಿಬೀಳಬೇಕು.

ನಾನು ಇದನ್ನೇ 12 ನಿಮಿಷಕ್ಕೆ ಇಳಿಸಿ, 3ನೇ ಪುಟಕ್ಕೆ ಜಗಳ, 9ನೇ ಪುಟಕ್ಕೆ ಇನ್ನೊಂದು ತಿರುವು ಅಂತ ಗುರುತು ಹಾಕಿಕೊಂಡು ಬರೆದೆ. ಎಲ್ಲಾ ಜಾಗಕ್ಕೆ ಸರಿಯಾಗಿ ಕೂತಿತು. ಆಮೇಲೆ ಮೊದಲ ಪುಟ ಓದಿಕೊಂಡೆ. ಅಣ್ಣ ತಮ್ಮನಿಗೆ ಹೇಳುತ್ತಾನೆ: “ಅಪ್ಪ ಹೋಗಿ ಮೂರು ತಿಂಗಳಾಯಿತು. ತೋಟ ನಮ್ಮಿಬ್ಬರಿಗೂ ಪಾಲಾಗಬೇಕು. ಒಟ್ಟು 41 ಮರ ಇವೆ.” ತಮ್ಮನಿಗೆ ಇದೆಲ್ಲ ಗೊತ್ತಿಲ್ವಾ? ಅಪ್ಪನ ಚಟ್ಟಕ್ಕೆ ಹೆಗಲು ಕೊಟ್ಟವನೇ ಅವನು. 3ನೇ ಪುಟದ ಒಳಗೆ ವಿಷಯ ಎಲ್ಲ ತಿಳಿಸಿಬಿಡಬೇಕು ಅನ್ನುವ ಅವಸರದಲ್ಲಿ ಮನುಷ್ಯರು ಮಾತಾಡುವ ರೀತಿಯೇ ತಪ್ಪಿಹೋಗಿತ್ತು.

ಹಾಗಂತ ಪುಸ್ತಕ ಕೆಟ್ಟದ್ದಲ್ಲ. ಅದನ್ನು ಬರೆದವರು ಎಲ್ಲಿ ಕೂತಿದ್ದವರು ಅನ್ನೋದನ್ನು ನೋಡಬೇಕು. ಫೀಲ್ಡ್ ಒಂದು ಕಂಪನಿಯಲ್ಲಿ ಸ್ಕ್ರಿಪ್ಟ್ ಓದಿ ಆರಿಸುವ ಕೆಲಸದಲ್ಲಿದ್ದರು. ಎರಡು ವರ್ಷಕ್ಕೆ ಸ್ವಲ್ಪ ಜಾಸ್ತಿ ಸಮಯದಲ್ಲಿ 2000ಕ್ಕೂ ಹೆಚ್ಚು ಸ್ಕ್ರಿಪ್ಟ್ ಓದಿ, ಮುಂದಕ್ಕೆ ಕಳಿಸಿದ್ದು 40 ಅಂತ ಅವರೇ ಬರೆದಿದ್ದಾರೆ. ಅಂದರೆ ಇದು ಬರೆದಾದ ಹಾಳೆಯನ್ನು ತೂಗಿ ನೋಡಿದವರ ಪುಸ್ತಕ. ಬರೆದದ್ದು ಎಲ್ಲಿ ಸೊರಗಿದೆ ಅಂತ ತೋರಿಸಲು ಇದು ಬಹಳ ಒಳ್ಳೆಯದು. ಖಾಲಿ ಹಾಳೆಯ ಮುಂದೆ ಕೂತಾಗ ನನಗೆ ಇದರಿಂದ ಒಂದು ಮಾತೂ ಹುಟ್ಟಲಿಲ್ಲ. ಇನ್ನೊಂದು ವಿಷಯ. ಈ ಲೆಕ್ಕದಲ್ಲಿ ಇಂಟರ್ವಲ್‌ಗೆ ಜಾಗವಿಲ್ಲ. ನಮ್ಮ ಎರಡೂವರೆ ಗಂಟೆಯ ಸಿನಿಮಾದಲ್ಲಿ ನಡುವೆ ಇನ್ನೊಂದು ಮುಕ್ತಾಯವೇ ಬೇಕು, ಅಲ್ವಾ? ದೊಡ್ಡ ಸಿನಿಮಾ ಬರೆಯುವವರು ಅದನ್ನು ತಾವೇ ಸೇರಿಸಿಕೊಳ್ಳಬೇಕಾಗುತ್ತದೆ.

ಎರಡನೆಯ ಸಲ ನಾಟಕ. ಗಿರೀಶ ಕಾರ್ನಾಡರ ‘ತುಘಲಕ್’, 1964ರದ್ದು. ಒಬ್ಬನೇ ಕೂತು ಒಮ್ಮೆ ಓದಿದೆ. ಆಮೇಲೆ ನಾಲ್ಕು ಜನ ಗೆಳೆಯರನ್ನು ಸೇರಿಸಿ, ಟೆರೇಸ್ ಮೇಲೆ ಕೂತು, ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿದೆವು. ಈ ಎರಡು ಓದಿಗೂ ಅಜಗಜಾಂತರ. ಕಣ್ಣಿಗೆ ಉದ್ದ ಅನ್ನಿಸಿದ್ದ ಮಾತು ಬಾಯಿಗೆ ಬಂದಾಗ ಸಲೀಸಾಗಿ ಹರಿಯಿತು. ಕೈಲಾಸಂ ಅವರ ನಾಟಕಗಳೂ ಹಾಗೇ. ಅಚ್ಚಿನಲ್ಲಿ ನೋಡಿದರೆ ತೊಡಕು ಅನ್ನಿಸುತ್ತವೆ, ನಾಲಿಗೆ ಮೇಲೆ ಇಟ್ಟರೆ ಬೆಣ್ಣೆ.

‘ತುಘಲಕ್’ ಶುರುವಾಗೋದು ಸುಲ್ತಾನನಿಂದ ಅಲ್ಲ. ದೆಹಲಿಯ ನ್ಯಾಯಾಲಯದ ಮುಂದೆ ಜನ ಸೇರಿದ್ದಾರೆ. ಒಬ್ಬ ಮುದುಕ ಬೈಯುತ್ತಾನೆ, ಒಬ್ಬ ಯುವಕ ಹೊಗಳುತ್ತಾನೆ. ಸುಲ್ತಾನ ಬರುವ ಹೊತ್ತಿಗೆ ನಾವು ಅವನ ಬಗ್ಗೆ ಒಂದು ಪಕ್ಷ ಹಿಡಿದಾಗಿರುತ್ತದೆ. ಯಾರೂ ನಮಗೆ ‘ಮಾಹಿತಿ’ ಕೊಡಲಿಲ್ಲ. ಅವರವರು ಜಗಳ ಆಡಿದರು, ನಮ್ಮ ಕಿವಿಗೆ ಬಿತ್ತು.

ನಾನು ಇದನ್ನೇ ತೋಟಕ್ಕೆ ತಂದೆ. ಅಣ್ಣತಮ್ಮ ಬರುವ ಮೊದಲು ಕಾಯಿ ಕೆಡವಲು ಬಂದ ಇಬ್ಬರನ್ನು ಮರದ ಬುಡದಲ್ಲಿ ಕೂರಿಸಿದೆ.

“ಹಿರಿಯೋನು ಬಾವಿ ಕಡೆ ಸಾಲೇ ಬೇಕು ಅಂತಾವ್ನಂತೆ.”
“ಅನ್ನದೆ ಏನು? ಬೋರು ಕೊರೆಸಿದ್ದು ಅವನೇ ತಾನೆ.”
“ನಿಂತು ಕೊರೆಸಿದ. ದುಡ್ಡು ಕಳಿಸಿದ್ದು ಕಿರಿಯೋನು.”

ಮೂರು ಸಾಲು, ಅಷ್ಟೇ. ಮೊದಲ ಪ್ರತಿಯಲ್ಲಿ ಒಂದು ಪುಟ ತಿಂದಿದ್ದ ವಿಷಯ ಇಲ್ಲಿ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ, ಇಬ್ಬರೂ ಸರಿ ಅಂತ ಕೇಳುವವರಿಗೆ ಗೊತ್ತಾಯಿತು. ಇಬ್ಬರೂ ಸರಿ ಇರುವಾಗಲೇ ಅಲ್ವಾ ಪಾಲಿನ ಜಗಳ ನಿಜವಾಗಿ ನೋಯಿಸೋದು?

ನಾಟಕ ಮಾತು ಮಾತ್ರ ಕಲಿಸುತ್ತದೆ, ಕಟ್ಟೋಣ ಕಲಿಸೋದಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪೋದಿಲ್ಲ. ಹಳೆಯ ಕಂಪನಿ ನಾಟಕಗಳಲ್ಲಿ ಬೀದಿ ಬರೆದ ಪರದೆ ಬಿಟ್ಟು ಅದರ ಮುಂದೆ ಹಗುರವಾದ ದೃಶ್ಯ ಆಡಿಸುತ್ತಿದ್ದರು. ಆ ಹೊತ್ತಿಗೆ ಪರದೆಯ ಹಿಂದೆ ಅರಮನೆಯ ದೊಡ್ಡ ದೃಶ್ಯ ಸಿದ್ಧವಾಗುತ್ತಿತ್ತು. ಒಂದು ಬೀದಿ, ಒಂದು ಅರಮನೆ, ಮತ್ತೆ ಬೀದಿ. ‘ತುಘಲಕ್’ ಬರೆಯುವಾಗ ಈ ಕ್ರಮವನ್ನೇ ಬಳಸಿಕೊಂಡೆ ಅಂತ ಕಾರ್ನಾಡರು ಹೇಳಿದ್ದಾರೆ. ಬರೀತಾ ಬರೀತಾ ಬೀದಿಯ ದೃಶ್ಯಗಳೇ ಉಬ್ಬಿಕೊಂಡು ಬಂದವಂತೆ. ಕೊನೆಗೆ ಬೀದಿಯ ಅಜೀಜ, ಒಬ್ಬ ಅಗಸ, ವೇಷ ಹಾಕಿಕೊಂಡು ನೇರ ಸುಲ್ತಾನನ ಮುಂದೆ ಬಂದು ನಿಲ್ಲುತ್ತಾನೆ. ಸಿನಿಮಾದವರು ಇಲ್ಲಿಂದ ಅಲ್ಲಿಗೆ ಕಟ್ ಮಾಡುವ ಕಲೆ ಇದೇ. ಪರದೆ ಎಳೆಯುವ ಅನಿವಾರ್ಯದಿಂದ ಹುಟ್ಟಿದ ಕ್ರಮ ಇಡೀ ನಾಟಕದ ಅರ್ಥವನ್ನೇ ಹೊತ್ತು ನಿಂತಿದೆ. ಪುಟದ ಲೆಕ್ಕದಿಂದ ನನಗೆ ತಿಳಿಯದ ಕಟ್ಟೋಣ ಇಲ್ಲಿ ತಿಳಿಯಿತು. ನನ್ನ ಕಥೆಗೂ ತೋಟ ಒಂದು, ಅಡುಗೆಮನೆ ಒಂದು ಅಂತ ಎರಡು ಜಾಗ ಸಿಕ್ಕವು. ಗಂಡಸರು ತೋಟದಲ್ಲಿ ಅಳೆಯುತ್ತಾರೆ, ಅವ್ವ ಒಳಗೆ ಇದ್ದಾಳೆ. ಅವ್ವ ಯಾವಾಗ ಹೊರಗೆ ಬರುತ್ತಾಳೆ ಅನ್ನೋದೇ ಕಥೆ.

ತೊಂದರೆ ಏನಾಯಿತು ಅಂದರೆ, ಎರಡನೆಯ ಪ್ರತಿಯನ್ನು ಓದಿ ಗಡಿಯಾರ ನೋಡಿದರೆ 19 ನಿಮಿಷ. ಎಲ್ಲರೂ ಮಾತಾಡುತ್ತಲೇ ಇದ್ದರು. ನಾಟಕದಲ್ಲಿ ಮರವನ್ನೂ ಮಾತಿನಲ್ಲೇ ತೋರಿಸಬೇಕು. ಕ್ಯಾಮೆರಾ ಮುಂದೆ ಮರ ಇದ್ದೇ ಇದೆ.

ಮೂರನೆಯ ಸಲ ಚಿತ್ರಕಥೆ. ಅಂಗಡಿಗಳಲ್ಲಿ ಕನ್ನಡ ನಾಟಕ ಬೇಕಾದಷ್ಟು ಸಿಕ್ಕವು, ಕನ್ನಡದಲ್ಲಿ ಅಚ್ಚಾದ ಚಿತ್ರಕಥೆ ನನಗೆ ಸಿಕ್ಕಿದ್ದು ಕಡಿಮೆ. ಕೊನೆಗೆ ಇಂಗ್ಲಿಷಿನಲ್ಲಿ ಓದಿದ್ದು ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಪುಸ್ತಕ. ಕೊಲ್ಕತ್ತದ ಸೀಗಲ್ ಪ್ರಕಾಶನ 1985ರಲ್ಲಿ ತಂದದ್ದು. ಕೊಳ್ಳುವವರು ಒಂದು ಮಾತು ತಿಳಿದಿರಬೇಕು. ಇದು ಚಿತ್ರೀಕರಣಕ್ಕೆ ಮೊದಲು ಬರೆದ ಸ್ಕ್ರಿಪ್ಟ್ ಅಲ್ಲ. ಮುಗಿದ ಸಿನಿಮಾ ನೋಡಿ ಶಂಪಾ ಬ್ಯಾನರ್ಜಿ ಅವರು ಬರೆದಿಳಿಸಿದ್ದು. ಮೂರರಲ್ಲಿ ಮೊದಲನೆಯದಾದ ‘ಪಥೇರ್ ಪಾಂಚಾಲಿ’ಗೆ ರಾಯ್ ಪೂರ್ತಿ ಸ್ಕ್ರಿಪ್ಟ್ ಬರೆದಿರಲಿಲ್ಲ, ಟಿಪ್ಪಣಿ ಮತ್ತು ಚಿತ್ರಗಳನ್ನು ಇಟ್ಟುಕೊಂಡು ಕೆಲಸ ಮಾಡಿದರು. ಅಚ್ಚಾದ ಚಿತ್ರಕಥೆಗಳಲ್ಲಿ ಈ ಎರಡು ಜಾತಿ ಇವೆ. ಬರಹಗಾರ ಏನು ಯೋಚಿಸಿದ, ಏನು ಕೈಬಿಟ್ಟ ಅಂತ ನೋಡಬೇಕಾದರೆ ಮೊದಲೇ ಬರೆದ ಪ್ರತಿಯೇ ಬೇಕು. ಮುಗಿದ ಸಿನಿಮಾದಿಂದ ಇಳಿಸಿದ ಪುಸ್ತಕದಲ್ಲಿ ತಪ್ಪು ಹೆಜ್ಜೆಗಳೇ ಇರೋದಿಲ್ಲ.

ಆದರೂ ಈ ಪುಸ್ತಕ ಸಿನಿಮಾ ಪಕ್ಕದಲ್ಲಿಟ್ಟುಕೊಂಡು ಓದಿದ್ದು ನನ್ನ ಕಣ್ಣು ತೆರೆಸಿತು. ‘ಪಥೇರ್ ಪಾಂಚಾಲಿ’ಯ ಒಂದು ದೃಶ್ಯ ಹೇಳುತ್ತೇನೆ. ದುರ್ಗಾ ಪಕ್ಕದ ಮನೆಯ ಮಣಿಸರ ಕದ್ದಳು ಅಂತ ಮೊದಲೇ ದೂರು ಬಂದಿರುತ್ತದೆ. ಅವಳು ಇಲ್ಲ ಅಂದಿರುತ್ತಾಳೆ. ಅವಳು ಸತ್ತ ಮೇಲೆ, ಮನೆಯವರು ಊರು ಬಿಡಲು ಗಂಟು ಕಟ್ಟುವಾಗ, ತಮ್ಮ ಅಪುವಿಗೆ ಒಂದು ತೆಂಗಿನ ಚಿಪ್ಪಿನಲ್ಲಿ ಆ ಸರ ಸಿಗುತ್ತದೆ. ಅವನು ಅದನ್ನು ಒಯ್ದು ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಬಿಚ್ಚಿಕೊಳ್ಳುತ್ತದೆ, ನಿಧಾನಕ್ಕೆ ಮತ್ತೆ ಮುಚ್ಚಿಕೊಳ್ಳುತ್ತದೆ. ಒಂದು ಮಾತಿಲ್ಲ. ಅಕ್ಕನ ಮಾನವನ್ನು ತಮ್ಮ ಕಾಪಾಡಿದ ಅಂತ ಯಾರೂ ಹೇಳಬೇಕಿಲ್ಲ. ಕಾಗದದ ಮೇಲೆ ಇದು ನಾಲ್ಕೈದು ಸಾಲು ಅಷ್ಟೇ. ನಾನು ಅದನ್ನು ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಆಮೇಲೆ ಬರೆದ ಪ್ರತಿಯಲ್ಲಿ ಕೊನೆಯ ದೃಶ್ಯ ಬದಲಾಯಿತು. ಅಣ್ಣನ ಮರಗಳಿಗೆ ಸುಣ್ಣದ ಪಟ್ಟೆ, ತಮ್ಮನ ಮರಗಳಿಗೆ ಕೆಮ್ಮಣ್ಣಿನ ಪಟ್ಟೆ. ಬಚ್ಚಲ ಹಿಂದಿನ ಮರಕ್ಕೆ ಅಣ್ಣ ಬೆಳಗಿನ ಜಾವ ಎದ್ದು, ಯಾರಿಗೂ ಹೇಳದೆ, ಸುಣ್ಣ ಬಳಿದಿದ್ದಾನೆ. ಇನ್ನೂ ಒಣಗಿಲ್ಲ. ಅವ್ವ ಹಿತ್ತಲ ಬಾಗಿಲು ತೆಗೆದು ಎಂದಿನಂತೆ ಬರುತ್ತಾಳೆ, ಮುಸುರೆ ಪಾತ್ರೆ ಎತ್ತಿ ಮರದ ಮೇಲೆ ಸುರಿಯುತ್ತಾಳೆ. ಸುಣ್ಣ ಕರಗಿ ಬುಡಕ್ಕೆ ಇಳಿಯುತ್ತದೆ. ಅವಳು ನೋಡಿಯೇ ಸುರಿದಳಾ, ನೋಡದೆಯಾ? ಅದನ್ನು ನಾನು ಬರೆದಿಲ್ಲ.

ಈ ಪ್ರತಿಯಲ್ಲೂ ಕೊರತೆ ಇತ್ತು. ಮಾತು ಕಿತ್ತು ಹಾಕುವ ಹುರುಪಿನಲ್ಲಿ ಕಾಯಿ ಕೆಡವುವವರನ್ನೂ ತೆಗೆದಿದ್ದೆ. ಅಣ್ಣತಮ್ಮ ಮತ್ತೆ ಯಾರೋ ಇಬ್ಬರು ಗಂಡಸರಾದರು. ಅವರನ್ನು ವಾಪಸ್ ತಂದೆ.

ಇಷ್ಟಾದ ಮೇಲೆ ಕೈಪಿಡಿಯನ್ನು ಮತ್ತೆ ತೆಗೆದೆ. ಈ ಸಲ ಅದು ನಿಜವಾಗಿ ಕೆಲಸಕ್ಕೆ ಬಂತು. ಫೀಲ್ಡ್ ಜೊತೆಗೆ ರಾಬರ್ಟ್ ಮೆಕೀ ಅವರ ‘ಸ್ಟೋರಿ’ಯನ್ನೂ (1997) ನೋಡಿದೆ. ಅವರ ಒಂದು ಪರೀಕ್ಷೆ ಇದೆ. ದೃಶ್ಯ ಶುರುವಾದಾಗ ಇದ್ದ ಸ್ಥಿತಿ ಮುಗಿದಾಗ ಬದಲಾಗಿರಬೇಕು. ಬದಲಾಗದಿದ್ದರೆ ಆ ದೃಶ್ಯ ಯಾಕೆ? ಅಣ್ಣ ಪಹಣಿ ಕೇಳಲು ಕಚೇರಿಗೆ ಹೋಗುವ ದೃಶ್ಯವೊಂದು ನನಗೆ ಬಹಳ ಇಷ್ಟ ಇತ್ತು. ಬರಿಗೈಲಿ ಹೋಗುತ್ತಾನೆ, ಬರಿಗೈಲಿ ಬರುತ್ತಾನೆ. ಒಳಗೂ ಏನೂ ಬದಲಾಗಿಲ್ಲ. ತೆಗೆದೆ. ಎರಡು ನಿಮಿಷ ಉಳಿಯಿತು.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾಟಕದಿಂದ ಶುರು ಮಾಡಿ ಅನ್ನುತ್ತೇನೆ, ಅದೂ ಕನ್ನಡ ನಾಟಕ, ಅದೂ ನಾಲ್ಕು ಜನ ಕೂತು ಗಟ್ಟಿಯಾಗಿ ಓದಿ. ನಮ್ಮ ಭಾಷೆಯಲ್ಲಿ ಮಾತಿಗೆ ಮಾತು ಹೇಗೆ ತಾಗುತ್ತದೆ ಅಂತ ಇಂಗ್ಲಿಷಿನ ಯಾವ ಕೈಪಿಡಿಯೂ ಹೇಳಿಕೊಡಲಾರದು. ಆಮೇಲೆ ಚಿತ್ರಕಥೆ, ಸಿನಿಮಾ ಪಕ್ಕದಲ್ಲಿಟ್ಟು, ನಿಲ್ಲಿಸಿ ನಿಲ್ಲಿಸಿ. ಕೈಪಿಡಿಯನ್ನು ಮೊದಲ ಪ್ರತಿ ಮುಗಿಯುವ ತನಕ ತೆರೆಯಬೇಡಿ. ಮೂರಕ್ಕೂ ದುಡ್ಡು ಹಾಕಲು ಆಗದವರು ನಾಟಕ ಒಂದನ್ನೇ ಕೊಳ್ಳಿ.

ನನ್ನ ಕೈಯಲ್ಲಿ ಈಗಿರುವುದು ನಾಲ್ಕನೆಯ ಪ್ರತಿ, 9 ಪುಟ. ಗಟ್ಟಿಯಾಗಿ ಓದಿ, ಮಾತಿಲ್ಲದ ಜಾಗದಲ್ಲಿ ಸುಮ್ಮನಿದ್ದು ನೋಡಿದರೆ ಸರಿಯಾಗಿ 12 ನಿಮಿಷ. ಇಡೀ ಚಿತ್ರದಲ್ಲಿ ಅವ್ವನಿಗೆ ಇರೋದು ಒಂದೇ ಮಾತು, ಸುಣ್ಣ ಕರಗಿದ ಮೇಲೆ, ಒಳಗೆ ಹೋಗುತ್ತಾ: “ಇಬ್ರೂ ಬನ್ರೋ, ರೊಟ್ಟಿ ಆರ್ತೈತೆ.”