ಹಳೆಯ ಹಾಯಿದೋಣಿ ಕೊಳ್ಳಹೊರಟವರು ದಯವಿಟ್ಟು ಇದನ್ನು ಓದಿ

ನಾವು ಮೋಸಹೋದದ್ದು ತಿಳಿದು ಎರಡು ತಿಂಗಳಾಯಿತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ನಿನ್ನೆ, ನಮಗೆ ದೋಣಿ ಮಾರಿದ ಅದೇ ಮನುಷ್ಯ ಇನ್ನೊಂದು ದೋಣಿಯನ್ನು ಮಾರಾಟಕ್ಕಿಟ್ಟು ಅದರ ಚಿತ್ರಗಳನ್ನು ಹಾಕಿದ್ದಾನೆ. ಅದೇ ಹೊಳೆಯುವ ಬಿಳಿ ಬಣ್ಣ, ಅದೇ ಮಾತು: ‘ಹತ್ತಿ ಕುಳಿತರೆ ಸಾಕು, ಹೊರಡಬಹುದು.’ ನಮಗೂ ಇದನ್ನೇ ಹೇಳಿದ್ದ. ಅಕ್ಷರ ಬದಲಿಲ್ಲದೆ ಇದನ್ನೇ ಹೇಳಿದ್ದ. ಇನ್ನು ನಾನು ಸುಮ್ಮನಿರಲಾರೆ.

ನಾನು ಶಿರಸಿಯವಳು, ನಮ್ಮವರು ಕಾರವಾರದ ಕೋಡಿಬಾಗದವರು. ಅವರು ಕೆಲಸದಿಂದ ನಿವೃತ್ತರಾದ ಮೇಲೆ ಮಳೆಗಾಲ ಬಿಟ್ಟು ಉಳಿದ ಏಳೆಂಟು ತಿಂಗಳು ದೋಣಿಯಲ್ಲೇ ವಾಸಿಸಬೇಕು, ಬೇಲೇಕೇರಿ, ತದಡಿ, ಹೊನ್ನಾವರ ಎಂದು ಅಳಿವೆಯಿಂದ ಅಳಿವೆಗೆ ನಿಧಾನವಾಗಿ ಸಾಗಬೇಕು ಎಂಬುದು ಇಬ್ಬರ ಹಲವು ವರ್ಷಗಳ ಆಸೆ. ಅತ್ತೆಗೆ ಒಪ್ಪಿಗೆ ಇರಲಿಲ್ಲ. 2019ರ ಜನವರಿಯಲ್ಲಿ ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿದ್ದನ್ನು ಈ ಊರು ಮರೆತಿಲ್ಲ, ಅತ್ತೆಯಂತೂ ಮರೆತೇ ಇಲ್ಲ. ಅವರನ್ನು ಒಪ್ಪಿಸಿದವಳು ನಾನೇ. ತವರಿನಿಂದ ಬಂದ ತೋಟದ ಪಾಲಿನ ಹಣ ಹಾಕಿದವಳೂ ನಾನೇ. ಹನ್ನೆರಡೂವರೆ ಲಕ್ಷ.

ದೋಣಿ ಇಪ್ಪತ್ತೆಂಟು ಅಡಿಯ ಫೈಬರಿನದು. ಮಾರ್ಚ್‌ನಲ್ಲಿ ನೋಡಿದಾಗ ನೀರಿನಲ್ಲಿ ತೇಲುತ್ತಿತ್ತು. ಕ್ರೇನ್ ತರಿಸಿ ಎತ್ತಿಸಿ, ತಳ ನೋಡಬೇಕು ಎಂದೆವು. ‘ಕ್ರೇನಿಗೆ ಸುಮ್ಮನೆ ಯಾಕೆ ದುಡ್ಡು ಹಾಕುತ್ತೀರಿ? ತಳಕ್ಕೆ ನಾನೇ ನಿಂತು ಬಣ್ಣ ಹೊಡೆಸಿದ್ದೇನೆ. ನನ್ನ ಮೇಲೆ ನಂಬಿಕೆ ಇಲ್ಲವೇ ಮೇಡಂ?’ ಎಂದ. ನಂಬಿಕೆ ಇಲ್ಲ ಎಂದು ಎದುರಿಗೆ ನಿಂತು ಹೇಳುವುದು ಹೇಗೆ? ತಳದಲ್ಲಿ ಸಮುದ್ರದ ನೀರು ಒಳಗೆ ಹೊರಗೆ ಹೋಗುವ ಕವಾಟಗಳು ನಾಲ್ಕಿದ್ದವು. ಅವು ಯಾವ ಲೋಹದವು ಎಂದು ಮೊಬೈಲಿನಲ್ಲಿ ಸಂದೇಶ ಕಳುಹಿಸಿ ಕೇಳಿದೆ. ‘ಎಲ್ಲ ಕಂಚು ಮೇಡಂ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತವೆ’ ಎಂದು ಉತ್ತರ ಬಂತು. ಮುಂಬೈಯಿಂದ ಇನ್ನೊಬ್ಬರು ನಾಳೆಯೇ ಹಣ ತರುತ್ತಿದ್ದಾರೆ ಎಂದೂ ಸೇರಿಸಿದ್ದ. ಮರುದಿನ ಬೆಳಿಗ್ಗೆ ಏಳಕ್ಕೆ ನಮ್ಮನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದ. ನೆಲದ ಕಡೆಯಿಂದ ಬರುವ ಮುಂಜಾನೆಯ ಮೆಲುಗಾಳಿಯಲ್ಲಿ ಯಾವ ದೋಣಿಯೂ ಹಂಸದ ಹಾಗೆಯೇ ಹೋಗುತ್ತದೆ. ಮಧ್ಯಾಹ್ನದ ವಾಯವ್ಯ ಗಾಳಿ ಏಳುವ ಮೊದಲೇ ದಡ ಸೇರಿಸಿಬಿಟ್ಟ. ಆಗ ಇದು ಹೊಳೆಯಲಿಲ್ಲ. ಹಣ ಕೊಟ್ಟೆವು.

ಮೂರು ವಾರ ಸುಖವಾಗಿದ್ದೆವು. ಅದನ್ನು ಸುಳ್ಳು ಎನ್ನಲಾರೆ.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಕೂರ್ಮಗಡದ ಮರೆಯಲ್ಲಿ ಲಂಗರು ಹಾಕಿದ್ದೆವು. (ಅಂಜುದೀವ್ ದ್ವೀಪ ನೌಕಾಪಡೆಯದು, ಅದರ ಹತ್ತಿರ ಸುಳಿಯುವಂತಿಲ್ಲ.) ಪಾತ್ರೆ ತೊಳೆದು, ಮಲಗುವ ಮುನ್ನ ಸಿಂಕಿನ ಕೆಳಗಿನ ಕವಾಟ ಮುಚ್ಚಲು ಕೈ ಹಾಕಿದೆ. ತಿರುಗಿಸಿದ್ದಷ್ಟೇ. ಕವಾಟ ಮುರಿದು ನನ್ನ ಕೈಗೇ ಬಂತು. ತೂತಿನಿಂದ ನೀರು ಚಿಮ್ಮಿ ಎದೆಗೆ ಬಡಿಯಿತು. ನೀರಿನ ಮಟ್ಟದಿಂದ ಒಂದೂವರೆ ಅಡಿ ಕೆಳಗೆ ಒಂದೇ ಅಂಗುಲದ ತೂತು ಇದ್ದರೂ ನಿಮಿಷಕ್ಕೆ ನಾಲ್ಕು ಕೊಡದಷ್ಟು ನೀರು ಒಳಗೆ ಬರುತ್ತದೆ. ನಮ್ಮವರು ಟಾರ್ಚ್ ಹುಡುಕುತ್ತಿದ್ದರು. ನಾನು ಲಟ್ಟಣಿಗೆಯ ಹಿಡಿಗೆ ಅವರ ಪಂಚೆ ಸುತ್ತಿ ತೂತಿಗೆ ತುರುಕಿ, ಕಾಲಿನಿಂದ ಒತ್ತಿ ಹಿಡಿದು ಕುಳಿತೆ. ಬೆಳಗಾಗುವವರೆಗೆ ಸರದಿಯ ಮೇಲೆ ಬಕೆಟಿನಿಂದ ನೀರು ಎತ್ತಿ ಚೆಲ್ಲಿದೆವು.

ಬೆಳಿಗ್ಗೆ ಬೈತಖೋಲ್ ಕಡೆಯ ತಾಂಡೇಲರೊಬ್ಬರು (ಮೀನುಗಾರಿಕೆ ದೋಣಿ ನಡೆಸುವವರು) ನಮ್ಮ ಪಾಡು ಕಂಡು ದೋಣಿ ಹತ್ತಿರ ತಂದರು. ಮುರಿದ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಅಕ್ಕಾ, ಇದು ಮನೆಯ ನಲ್ಲಿಗೆ ಹಾಕುವ ಹಿತ್ತಾಳೆ’ ಎಂದರು.

ಮುರಿದ ಜಾಗ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಉಪ್ಪುನೀರು ಸತುವನ್ನು ತಿಂದುಹಾಕುತ್ತದೆ, ಉಳಿಯುವುದು ಬಿಸ್ಕತ್ತಿನಂತೆ ಪುಡಿಯಾಗುವ ತಾಮ್ರ. ನಾನು ಕಂಚಿನ ಬಟ್ಟಲಲ್ಲಿ ಉಂಡು, ಹಿತ್ತಾಳೆಯ ಹಂಡೆಯ ನೀರಲ್ಲಿ ಮಿಂದು ಬೆಳೆದವಳು. ನನಗೆ ಎರಡರ ವ್ಯತ್ಯಾಸ ಗೊತ್ತಾಗಲಿಲ್ಲವೇ? ಗೊತ್ತಾಗದಂತೆ ಅವನು ಕವಾಟಗಳ ಮೇಲೂ ಬಿಳಿ ಬಣ್ಣ ಬಳಿದಿದ್ದ! ಉಳಿದ ಮೂರನ್ನು ಚಾಕುವಿನಿಂದ ಕೆರೆದೆ. ಹಳದಿ, ಹಳದಿ, ಹಳದಿ. ಆ ಕ್ಷಣ ಹೊಟ್ಟೆಯಲ್ಲಿ ಎದ್ದ ಉರಿ ಇನ್ನೂ ಆರಿಲ್ಲ. ಕಂಚಿನ ಕವಾಟಕ್ಕೆ ಯಾರೂ ಬಣ್ಣ ಹೊಡೆಯುವುದಿಲ್ಲ. ಅವನಿಗೆ ತಿಳಿದಿತ್ತು. ತಿಳಿದೇ ನಮ್ಮನ್ನು ಸಮುದ್ರಕ್ಕೆ ಕಳುಹಿಸಿದ.

ಆಮೇಲೆ ಒಂದೊಂದಾಗಿ ಹೊರಬಂತು. ದೋಣಿಯ ಮೇಲುಹಾಸನ್ನು (ಡೆಕ್) ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಎನ್ನಬೇಕಾದ ಕಡೆ ದಪ್ ಎನ್ನುತ್ತದೆ, ಎರಡು ಫೈಬರ್ ಪದರಗಳ ನಡುವಿನ ಮರ ನೀರು ಕುಡಿದು ಕೊಳೆತಿದೆ. ಹಾಯಿಕಂಬವನ್ನು ಹಿಡಿದಿರುವ ಉಕ್ಕಿನ ತಂತಿಗಳಲ್ಲಿ ಎರಡು, ಕೆಳತುದಿಯ ಕೊಳವೆಯೊಳಗೆ ಎಳೆ ಬಿಟ್ಟಿವೆ. ತುಕ್ಕು ಹಿಡಿಯದ ಉಕ್ಕು ಎಂಬುದು ಹೆಸರಿಗೆ ಮಾತ್ರ, ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಅದೂ ಸೀಳುತ್ತದೆ.

ಅವನ ಉತ್ತರಗಳನ್ನು ಕೇಳಿ. ಮೊದಲ ಕರೆಗೆ: ‘ಸಮುದ್ರ ಅಂದ ಮೇಲೆ ಸ್ವಲ್ಪ ನೀರು ಒಳಗೆ ಬರುತ್ತದೆ ಮೇಡಂ.’ ಎರಡನೆಯದಕ್ಕೆ: ‘ನೀವು ಜೋರಾಗಿ ತಿರುಗಿಸಿರಬೇಕು. ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ, ಸಾರ್‌ಗೆ ಫೋನ್ ಕೊಡಿ.’ ಕೊಟ್ಟೆ. ಅವರಿಗೆ ಹೇಳಿದ್ದು: ‘ಮೇಡಂ ಅವರೇ ಎಲ್ಲ ಪರೀಕ್ಷೆ ಮಾಡಿ ಒಪ್ಪಿದರಲ್ಲ ಸಾರ್.’ ಒಂದೇ ಕರೆಯಲ್ಲಿ ನಾನು ಏನೂ ತಿಳಿಯದವಳು, ಎಲ್ಲ ತಿಳಿದವಳು, ಎರಡೂ ಆದೆ! ಕಂಚು ಎಂದು ಬರೆದಿದ್ದೀರಲ್ಲ ಎಂದು ಅವನ ಸಂದೇಶವನ್ನೇ ಅವನಿಗೆ ತಿರುಗಿ ಕಳುಹಿಸಿದಾಗ, ‘ಕಂಚು, ಹಿತ್ತಾಳೆ ಎಲ್ಲ ಒಂದೇ ಜಾತಿ’ ಎಂದ. ಆಮೇಲೆ ಫೋನ್ ಎತ್ತಲಿಲ್ಲ. ಮಾರಾಟದ ಪತ್ರದಲ್ಲಿ ‘ಇದ್ದ ಸ್ಥಿತಿಯಲ್ಲಿ’ ಎಂಬ ಒಂದು ಸಾಲಿತ್ತು, ಅದರ ಕೆಳಗೆ ನಮ್ಮ ಸಹಿ ಇದೆ. ವಕೀಲರು ಆ ಸಂದೇಶವನ್ನು ಅಳಿಸಬೇಡಿ ಎಂದಿದ್ದಾರೆ. ನೋಟಿಸ್ ಹೋಗಿದೆ.

ಕೊಳ್ಳುವವರಿಗೆ ಇಷ್ಟೇ ಹೇಳುತ್ತೇನೆ. ದೋಣಿಯನ್ನು ನೀರಿನಿಂದ ಮೇಲೆತ್ತಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಕ್ರೇನಿನ ಖರ್ಚು ನಿಮ್ಮದೇ ಆದರೂ ಸರಿ. ಮಾರುವವನು ತೋರಿಸಿದವರನ್ನು ಬಿಟ್ಟು ನಿಮ್ಮ ಕಡೆಯ ತಿಳಿದವರಿಂದ ಪರೀಕ್ಷೆ ಮಾಡಿಸಿ. ಮಧ್ಯಾಹ್ನದ ಗಾಳಿಯಲ್ಲಿ ಓಡಿಸಿ ನೋಡಿ. ಚಾಕು ಒಯ್ಯಿರಿ, ಬಣ್ಣ ಬಳಿದ ಲೋಹ ಕಂಡಲ್ಲಿ ಕೆರೆಯಿರಿ, ಅವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಪ್ರತಿ ಕವಾಟದ ಪಕ್ಕ ಅದರ ಅಳತೆಯ ಮೆತ್ತನೆ ಮರದ ಬೆಣೆಯೊಂದನ್ನು ಹಗ್ಗದಿಂದ ಕಟ್ಟಿಡಿ. ನಮ್ಮ ದೋಣಿಯಲ್ಲಿ ಒಂದೂ ಇರಲಿಲ್ಲ.

ಜೂನ್ ಒಂದರಿಂದ ಮೀನುಗಾರಿಕೆಗೆ ನಿಷೇಧ ಬಿದ್ದು ಊರಿನ ಬೋಟುಗಳೆಲ್ಲ ದಡ ಸೇರಿವೆ, ನಮ್ಮದೂ ಅವುಗಳ ಪಕ್ಕದಲ್ಲೇ ತಾಡಪಾಲು ಹೊದ್ದು ನಿಂತಿದೆ. ನಿನ್ನೆ ಅವನು ಹಾಕಿದ ಚಿತ್ರಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಐದನೆಯದರಲ್ಲಿ ಅಡುಗೆಯ ಜಾಗ, ತೆರೆದ ಕಪಾಟು, ಸಿಂಕಿನ ಕೆಳಗೆ ಒಂದು ಕವಾಟ. ಅದಕ್ಕೂ ಬಿಳಿ ಬಣ್ಣ ಬಳಿದಿದ್ದಾನೆ.